ಒಂದು ಜೋಡಿ ಕೈ, ನಾಲ್ಕು ಸಾವಿರ ಗಂಟೆ

ಮೇ 23ರ ಮಧ್ಯಾಹ್ನ ಬ್ಯಾಂಕಿನಿಂದ ಸಂದೇಶ ಬಂದಾಗ ನಾನು ಜೋಳದ ಡಬ್ಬಿ ಹಿಡಿದುಕೊಂಡು ಹಿಟ್ಟಿನ ಗಿರಣಿಯ ಮುಂದೆ ನಿಂತಿದ್ದೆ. ಖಾತೆಗೆ 8,312 ರೂಪಾಯಿ ಜಮೆಯಾಗಿತ್ತು. ಯೂಟ್ಯೂಬ್‌ನಿಂದ ನಮ್ಮ ಮನೆಗೆ ಬಂದ ಮೊದಲ ದುಡ್ಡು. 2023ರ ಶ್ರಾವಣದಲ್ಲಿ ಶುರು ಮಾಡಿದ ಕೆಲಸಕ್ಕೆ 2025ರ ಮೇ ತಿಂಗಳಲ್ಲಿ ಕೂಲಿ ಸಿಕ್ಕಿತು. ಇಪ್ಪತ್ತೊಂದು ತಿಂಗಳು! ಅಷ್ಟರಲ್ಲಿ ನಮ್ಮ ಹೊಲದಲ್ಲಿ ಎರಡು ಸಲ ತೊಗರಿ ರಾಶಿ ಆಗಿತ್ತು.

‘ಮನೆಯಲ್ಲೇ ಕುಳಿತು ಮೂರು ತಿಂಗಳಲ್ಲಿ ಲಕ್ಷ ಗಳಿಸಿ’ ಎನ್ನುವವರ ಮಾತು ನಂಬಿ ಇಳಿದವಳು ನಾನು. ಯಾದಗಿರಿಯ ನಮ್ಮ ಓಣಿಯೊಂದರಲ್ಲೇ ಈಗ ಇನ್ನೂ ನಾಲ್ಕು ಮಂದಿ ಇಳಿದಿದ್ದಾರೆ. ಪಿನ್ ಎಂದರೇನು, ಸ್ವಿಫ್ಟ್ ಕೋಡ್ ಎಲ್ಲಿ ಸಿಗುತ್ತದೆ ಎಂದು ದಿನಕ್ಕೊಬ್ಬರು ಬಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಕುಳಿತು ಹೇಳುವಷ್ಟು ಪುರುಸೊತ್ತಿಲ್ಲ. ಅದಕ್ಕೇ ಈ ಬರಹ. ಆದರೆ ಕಾಗದಪತ್ರದ ಮಾತಷ್ಟನ್ನೇ ಬರೆದರೆ ಅರ್ಧ ಮುಚ್ಚಿಟ್ಟಂತಾಗುತ್ತದೆ. ಉಳಿದರ್ಧವನ್ನೂ ಬರೆಯುತ್ತೇನೆ.

ಯೋಚನೆ ನನ್ನದು, ಕ್ಯಾಮೆರಾ ಮಗನದು, ಕೈ ಅತ್ತೆಯದು. ಅತ್ತೆಗೆ ಅರವತ್ತೇಳು ವರ್ಷ. ಅವರು ರೊಟ್ಟಿ ಬಡಿಯುವುದನ್ನು ನೋಡಲೆಂದೇ ನೆರೆಮನೆಯ ಸೊಸೆಯಂದಿರು ಬಂದು ಕೂರುತ್ತಿದ್ದ ಕಾಲವಿತ್ತು. ಎಸರು ಹಾಕಿ ಹಿಟ್ಟು ನಾದಿ, ಅಂಗೈಯಲ್ಲಿ ತಟ್ಟುತ್ತಾ ತಿರುಗಿಸುತ್ತಾ ಹೋದರೆ ರೊಟ್ಟಿ ತಾನೇ ತಾನಾಗಿ ಅಗಲವಾಗುತ್ತಿದೆ ಎನ್ನಿಸಬೇಕು, ಅಷ್ಟು ಹಗುರ ಕೈ. ಬಲ ಮುಂಗೈಯ ಒಳಬದಿಗೆ ಅರ್ಧಚಂದ್ರದ ಹಾಗೆ ಒಂದು ಸುಟ್ಟ ಕಲೆ ಇದೆ. ಮದುವೆಯಾಗಿ ಬಂದ ಹೊಸದರಲ್ಲಿ ಹಂಚಿನ ಅಂಚು ತಾಗಿದ್ದಂತೆ. ವಿಡಿಯೋ ಮಾಡುತ್ತೇವೆ ಎಂದಾಗ ಅವರು ಹಾಕಿದ ಷರತ್ತು ಒಂದೇ: ‘ಕೈ ತೋರಿಸಿಕೋ, ಮುಖ ಬೇಡ.’

ಆರಂಭದ ಖರ್ಚು ಮೊದಲು ಹೇಳಿಬಿಡುತ್ತೇನೆ. ಟ್ರೈಪಾಡ್ 650, ದುಂಡು ದೀಪ 900, ಸೆರಗಿಗೆ ಸಿಕ್ಕಿಸುವ ಮೈಕು 1,100. ದೀಪ ದಂಡ. ಹಿತ್ತಲ ಬಾಗಿಲು ತೆರೆದರೆ ಬರುವ ಬೆಳಕೇ ಸಾಕಾಗಿತ್ತು. ಮೈಕು ಮಾತ್ರ ಬೇಕೇ ಬೇಕು. ರೊಟ್ಟಿ ಬಡಿಯುವ ಸದ್ದಿಲ್ಲದ ರೊಟ್ಟಿಯ ವಿಡಿಯೋವನ್ನು ಯಾರೂ ನೋಡುವುದಿಲ್ಲ.

ಜಾಹೀರಾತಿನ ಪಾಲು ಸಿಗಬೇಕಾದರೆ ಒಂದು ಸಾವಿರ ಸಬ್‌ಸ್ಕ್ರೈಬರ್‌ಗಳು ಇರಬೇಕು. ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಜನ ನಮ್ಮ ವಿಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಶಾರ್ಟ್ಸ್ ಎಂಬ ಪುಟ್ಟ ವಿಡಿಯೋ ಮಾಡುವವರಿಗೆ ಬೇರೆ ಲೆಕ್ಕ: 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ. 500 ಸಬ್‌ಸ್ಕ್ರೈಬರ್, 3,000 ಗಂಟೆಗೇ ಒಳಗೆ ಬಿಟ್ಟುಕೊಳ್ಳುವ ಇನ್ನೊಂದು ಮೆಟ್ಟಿಲಿದೆ. ಆದರೆ ಅಲ್ಲಿ ಜಾಹೀರಾತಿನ ದುಡ್ಡು ಬರುವುದಿಲ್ಲ, ಅಭಿಮಾನಿಗಳು ತಾವಾಗಿ ಕೊಟ್ಟರೆ ಉಂಟು.

ಸಾವಿರ ಮಂದಿಯನ್ನು ಹೇಗೆ ಕೂಡಿಸಿದೆ ಎಂದು ನೆನೆದರೆ ಈಗಲೂ ತಲೆ ತಗ್ಗಿಸುವಂತಾಗುತ್ತದೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಉಳಿತಾಯದ ಪುಸ್ತಕ ತೆರೆಯುವ ಮೊದಲೇ ಒಬ್ಬೊಬ್ಬರ ಮೊಬೈಲ್ ಇಸಿದುಕೊಂಡು ಸಬ್‌ಸ್ಕ್ರೈಬ್ ಗುಂಡಿ ಒತ್ತುತ್ತಿದ್ದೆ. ತರಕಾರಿ ಮಾರುವವಳನ್ನೂ ಬಿಡಲಿಲ್ಲ. ನಂಟರ ಮನೆಗೆ ಹೋದರೆ ಕುಶಲ ವಿಚಾರಿಸುವುದಕ್ಕಿಂತ ಮೊದಲು ಅದೇ ಕೆಲಸ. ಹೀಗೆ ಸೇರಿಸಿದ ಇನ್ನೂರು ಚಿಲ್ಲರೆ ಮಂದಿಯಲ್ಲಿ ಹತ್ತು ಜನರೂ ವಿಡಿಯೋ ನೋಡುತ್ತಿರಲಿಲ್ಲ ಎಂಬುದು ಅಂಕಿಅಂಶದ ಪುಟ ಓದಲು ಕಲಿತ ಮೇಲೆ ತಿಳಿಯಿತು. ತಿಳಿಯದೇ ಇದ್ದರೆ ಚೆನ್ನಾಗಿತ್ತು. ಆಮೇಲೆ ನಾದಿನಿಯ ಮನೆಗೆ ಹೋದಾಗಲೂ ‘ಇವಳು ನೋಡುವುದಿಲ್ಲ’ ಎಂಬ ಮುಳ್ಳು ಒಳಗೇ ಚುಚ್ಚುತ್ತಿತ್ತು. ಹದಿನೈದು ವರ್ಷಗಳಿಂದ ನನ್ನ ಬಾಣಂತನ, ಬೇನೆ ಎಲ್ಲಕ್ಕೂ ಓಡಿ ಬಂದವಳು ಅವಳು.

‘ನೀವು ನನ್ನದು ಒತ್ತಿ, ನಾನು ನಿಮ್ಮದು ಒತ್ತುತ್ತೇನೆ’ ಎನ್ನುವ ವಾಟ್ಸ್‌ಆ್ಯಪ್ ಗುಂಪುಗಳಿವೆ. ಸೇರಬೇಡಿ. ಅದು ಯೂಟ್ಯೂಬ್‌ನ ನಿಯಮಕ್ಕೆ ವಿರುದ್ಧ, ಹಾಗೆ ಬಂದವರನ್ನು ಲೆಕ್ಕದಿಂದ ಕಿತ್ತುಹಾಕುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ ನನ್ನ ಮೂರು ತಿಂಗಳನ್ನು ನುಂಗಿತು. ರೊಟ್ಟಿ ಉಬ್ಬುವ ಒಂದು ಶಾರ್ಟ್ ಎರಡು ಲಕ್ಷ ವೀಕ್ಷಣೆ ಕಂಡಾಗ ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿದ್ದೆವು. ಶಾರ್ಟ್ಸ್ ಸಾಲಿನಲ್ಲಿ ನೋಡಿದ ಹೊತ್ತು ಆ 4,000 ಗಂಟೆಗೆ ಸೇರುವುದೇ ಇಲ್ಲ ಎಂದು ತಿಳಿದಾಗ ಹೋಳಿಗೆ ಮುಗಿದಿತ್ತು. ಟಿಕ್‌ಟಾಕ್ 2020ರ ಜೂನ್ ಕೊನೆಯಲ್ಲಿ ನಿಷೇಧವಾದಾಗ ನಮ್ಮ ಓಣಿಯ ಹುಡುಗರು ಮನೆಯಲ್ಲಿ ಯಾರೋ ತೀರಿಕೊಂಡಂತೆ ಕುಳಿತಿದ್ದರು. ಜುಲೈನಲ್ಲಿ ಇನ್‌ಸ್ಟಾಗ್ರಾಮ್‌ನ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಶಾರ್ಟ್ಸ್ ಬಂತು, ಅದೂ ಮೊದಲು ನಮ್ಮ ದೇಶಕ್ಕೇ. ಅಂದಿನಿಂದ ಯಾರೂ ಸುಮ್ಮನೆ ಕುಳಿತದ್ದನ್ನು ನಾನು ನೋಡಿಲ್ಲ.

ಹೀಗಾಗಿ ಹತ್ತು ಹನ್ನೆರಡು ನಿಮಿಷದ ವಿಡಿಯೋಗಳಿಗೆ ಬಂದೆವು. ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಸಜ್ಜೆ ರೊಟ್ಟಿ, ಮಾಲದಿ. ಹಿತ್ತಲ ಬಾಗಿಲಿನ ಬೆಳಕು ಹನ್ನೊಂದರ ಹೊತ್ತಿಗೆ ಚೆನ್ನಾಗಿ ಬೀಳುತ್ತದೆಂದು ಹನ್ನೊಂದಕ್ಕೇ ರೊಟ್ಟಿ. ಗಂಡ ಅಂಗಡಿಯಲ್ಲಿ, ಮಗ ಶಾಲೆಯಲ್ಲಿ. ರಜೆಯ ದಿನ ಅವನು ಹೇಳಿಕೊಟ್ಟಂತೆ ಉಳಿದ ದಿನ ಮೊಬೈಲ್ ಹಿಡಿಯುತ್ತಿದ್ದವಳು ನಾನೇ. ಒಂದು ರೊಟ್ಟಿ ಸರಿಯಾಗಿ ಉಬ್ಬಲಿಲ್ಲವೆಂದು ಇನ್ನೊಂದು, ನೆರಳು ಬಿತ್ತೆಂದು ಮತ್ತೊಂದು. ಬುಟ್ಟಿ ತುಂಬುತ್ತಿತ್ತು, ಹಸಿದವರು ಯಾರೂ ಇರುತ್ತಿರಲಿಲ್ಲ. ‘ಈ ರೊಟ್ಟಿ ಹೊಟ್ಟೆಗೋ ಮೊಬೈಲಿಗೋ?’ ಎಂದು ಅತ್ತೆ ಒಂದು ದಿನ ಕೇಳಿದರು. ಕೇಳಿ, ನಾನು ಉತ್ತರಿಸುವ ಮೊದಲೇ ಮುಂದಿನ ಹಿಟ್ಟಿನ ಉಂಡೆ ಎತ್ತಿಕೊಂಡರು.

ಕಮೆಂಟುಗಳ ಬಗ್ಗೆ ಒಂದು ಮಾತು. ನೂರರಲ್ಲಿ ತೊಂಬತ್ತು ಒಳ್ಳೆಯವೇ. ‘ನಮ್ಮ ಅವ್ವ ನೆನಪಾದಳು’ ಎಂದು ಪುಣೆಯಿಂದ, ಮಸ್ಕತ್‌ನಿಂದ ಬರೆಯುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ನಾನು ಓದುತ್ತಿದ್ದದ್ದು ‘ಕೈ ಎಷ್ಟು ಕಪ್ಪು’ ಎಂದ ಒಬ್ಬನ ಸಾಲನ್ನು. ಅಂಥವನ್ನು ಅಳಿಸಿ, ಬರೆದವನನ್ನು ಚಾನೆಲ್‌ನಿಂದ ಮರೆಮಾಡುವ ಸೌಲಭ್ಯವಿದೆ. ಮೊದಲ ದಿನವೇ ಕಲಿತುಕೊಳ್ಳಿ. ಮತ್ತೆ ಮತ್ತೆ ಬರುತ್ತಿದ್ದ ಇನ್ನೊಂದು ಮಾತು: ‘ಅಜ್ಜಿಯ ಮುಖ ತೋರಿಸಿ.’

2024ರ ಜನವರಿ 11ರಂದು ಎಳ್ಳ ಅಮಾವಾಸ್ಯೆ. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಹಿರಿಯರಾದ ಕಾಕಾ ಚರಗದ ಬುಟ್ಟಿ ಹೊತ್ತು ಹೊಲದ ಸುತ್ತ ಚೆಲ್ಲುತ್ತಾ, ಕೂಗುತ್ತಾ ಒಂದು ಸುತ್ತು ಬಂದರು. ಬಂದು ಕೈ ಮುಗಿದು ಕುಳಿತಾಗ ಮೈದುನನ ಮಗ, ‘ರೆಕಾರ್ಡ್ ಆಗಿಲ್ಲ, ಇನ್ನೊಂದು ಸಲ’ ಎಂದ. ಕಾಕಾ ಅವನನ್ನೇ ನೋಡಿದರು. ಅವರು ಬೈಯಬಹುದೆಂದು ನಾನು ಕಾದೆ. ಬೈಯಲಿ ಎಂದೂ ಅಂದುಕೊಂಡೆ. ಅವರು ರುಮಾಲು ಸರಿಪಡಿಸಿಕೊಂಡು, ‘ಭೂಮಿತಾಯಿಗೆ ಎರಡು ಸಲ ಉಣಿಸಿದರೆ ಅಜೀರ್ಣವಾಗುವುದಿಲ್ಲ ಬಿಡು’ ಎಂದು ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಹಿಡಿದು ಮತ್ತೆ ಹೊರಟರು. ಎರಡನೆಯ ಸಲ ಬುಟ್ಟಿ ಬೇಗ ಖಾಲಿಯಾಯಿತು. ಕೊನೆಯ ಬದುವಿನಲ್ಲಿ ಬರಿಗೈಯನ್ನೇ ಬೀಸಿದರು. ವಿಡಿಯೋದಲ್ಲಿ ಅದು ಗೊತ್ತಾಗುವುದಿಲ್ಲ. ನನ್ನ ಚಾನೆಲ್‌ನಲ್ಲಿ ಹಾಕಿದ್ದೂ ಆ ಎರಡನೆಯ ಸುತ್ತನ್ನೇ.

ಹಾಗೆಂದು ಎಲ್ಲವೂ ಕಹಿಯಲ್ಲ. ಒಂದು ಸಂಜೆ ಸಂತೆಯಲ್ಲಿ ಸೊಪ್ಪು ಮಾರುವ ಹುಡುಗಿ ಚಿಲ್ಲರೆ ಕೊಡುತ್ತಾ ಅತ್ತೆಯ ಮುಂಗೈ ಹಿಡಿದುಕೊಂಡು ನಿಂತುಬಿಟ್ಟಳು. ‘ಈ ಕಲೆ... ಆಯಿ, ರೊಟ್ಟಿ ಬಡಿಯುವವರು ನೀವೇ ಏನು?’ ಮುಖ ನೋಡಿ ಅಲ್ಲ, ಕಲೆ ನೋಡಿ ಗುರುತು ಹಿಡಿದಿದ್ದಳು. ಎರಡು ಕಟ್ಟು ಪುಂಡಿ ಹೆಚ್ಚಿಗೆ ಹಾಕಿದಳು. ಅತ್ತೆ ಮನೆಯವರೆಗೂ ಒಳಗೊಳಗೇ ನಗುತ್ತಾ ಬಂದರು.

2024ರ ಏಪ್ರಿಲ್‌ನಲ್ಲಿ ಮಗ ಒಂದು ಎಣ್ಣೆಗಾಯಿಯ ವಿಡಿಯೋ ಹಾಕಿದ. ಅದು ಓಡಿತು. ನಮ್ಮ ಯಾವ ವಿಡಿಯೋವೂ ಅಷ್ಟು ಓಡಿರಲಿಲ್ಲ. ಮೇ ತಿಂಗಳ ಎರಡನೆಯ ವಾರ ಗಂಟೆಗಳ ಲೆಕ್ಕ 4,060ಕ್ಕೆ ಏರಿ, ಜಾಹೀರಾತಿನ ಪಾಲಿಗೆ ಅರ್ಜಿ ಹಾಕುವ ಗುಂಡಿ ಬೆಳಗಿತು. ಏಕೆ ಓಡಿತು ಎಂದು ನಾನು ಕೇಳಲಿಲ್ಲ. ದುಡ್ಡು ಬರುವ ಹೊತ್ತಿಗೆ ಯಾರು ಕೇಳುತ್ತಾರೆ?

ಅದೇ ವಾರ ಶಹಾಪುರದಲ್ಲಿ ನಂಟರ ಮದುವೆ. ಊಟದ ಪಂಕ್ತಿಯಿಂದ ಎದ್ದು ಕೈ ತೊಳೆಯಲು ಹೋದ ಅತ್ತೆಯನ್ನು ಮೂವರು ಹುಡುಗರು ತಡೆದು ಸೆಲ್ಫಿ ಕೇಳಿದರು. ಅವರಿಗೆ ಅರ್ಥವಾಗಲಿಲ್ಲ. ಹುಡುಗರು ಮೊಬೈಲ್ ತಿರುಗಿಸಿ ತೋರಿಸಿದರು. ಎಣ್ಣೆಗಾಯಿಯ ವಿಡಿಯೋದ ಥಂಬ್‌ನೇಲ್, ಅಂದರೆ ತೆರೆಯುವ ಮೊದಲು ಕಾಣುವ ಚಿತ್ರವನ್ನು, ನಾನೂ ಅಲ್ಲಿಯೇ ಮೊದಲ ಸಲ ದೊಡ್ಡದಾಗಿ ನೋಡಿದ್ದು. ಅತ್ತೆಯ ಮುಖ. ಒಲೆಯ ಕಾವಿಗೆ ಬೆವರಿ, ಖಾರದ ಘಾಟಿಗೆ ಬಾಯಿ ತೆರೆದು, ತಲೆಯ ಮೇಲಿನ ಸೆರಗು ಜಾರಿ, ಅರೆಗಣ್ಣಾಗಿರುವ ಗಳಿಗೆ. ಪಕ್ಕದಲ್ಲಿ ಹಳದಿ ಅಕ್ಷರಗಳಲ್ಲಿ ‘ಈ ಅಜ್ಜಿ ಮಾಡಿದ್ದು ನೋಡಿದರೆ ಬೆಚ್ಚಿಬೀಳುತ್ತೀರಿ!’ ಎಂದಿತ್ತು. ಮಾಡಿದ್ದು ಬದನೆಕಾಯಿ ಪಲ್ಯ.

ಅತ್ತೆ ಕೂಗಾಡಲಿಲ್ಲ. ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಆಡಿದರು: ‘ಸೆರಗು ಸರಿಯಾಗಿರಲಿಲ್ಲ.’ ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ರೊಟ್ಟಿಯ ಬುಟ್ಟಿ ತುಂಬಿತ್ತು, ಹಂಚು ತೊಳೆದು ಕವುಚಿತ್ತು. ನಸುಕಿನ ಐದಕ್ಕೇ, ಕತ್ತಲಲ್ಲಿ, ಬೆಳಕು ಬೀಳುವ ಮೊದಲೇ ಮುಗಿಸಿದ್ದರು. ಅದರ ಮರುದಿನವೂ ಹಾಗೆಯೇ.

ನಾನು ಎರಡು ದಿನ ಆ ವಿಡಿಯೋ ತೆಗೆಯಲಿಲ್ಲ. ಇದನ್ನು ಬರೆಯಲೇಬೇಕು. ‘ಮೊದಲು ಅರ್ಜಿ ಹಾಕೋಣ, ಒಪ್ಪಿಗೆ ಬಂದ ಮೇಲೆ ತೆಗೆದರಾಯಿತು’ ಎಂದು ಮಗ ಅಂದ. ಅವನಿಗೆ ಹದಿನಾಲ್ಕು ವರ್ಷ. ‘ಅವ್ವ ಏನೂ ಅಂದಿಲ್ಲವಲ್ಲ’ ಎಂದು ಗಂಡ ಅಂದರು, ಅವರಿಗೆ ನಲವತ್ತೈದು. ನನಗೂ ಎರಡೂ ಮಾತು ಸರಿ ಎನ್ನಿಸುತ್ತಿತ್ತು. ಮೂರನೆಯ ನಸುಕಿಗೆ ತಟ್ಟುವ ಸದ್ದು ಕೇಳಿ ಎಚ್ಚರವಾಯಿತು. ಮಲಗಿದ್ದಲ್ಲಿಂದಲೇ ಮೊಬೈಲ್ ತೆಗೆದುಕೊಂಡು ವಿಡಿಯೋ ಅಳಿಸಿದೆ.

ಅಳಿಸಿದ ಅಥವಾ ಖಾಸಗಿ ಮಾಡಿದ ವಿಡಿಯೋದ ಗಂಟೆಗಳು ಲೆಕ್ಕದಿಂದ ಹೋಗುತ್ತವೆ. ನಾಲ್ಕಾರು ದಿನದಲ್ಲಿ 4,060 ಇದ್ದದ್ದು 2,680ಕ್ಕೆ ಇಳಿಯಿತು. ಗುಂಡಿ ಆರಿತು. ಇದು ಹನ್ನೆರಡು ತಿಂಗಳ ಜಾರುವ ಲೆಕ್ಕ ಎಂಬುದನ್ನೂ ಮರೆಯಬೇಡಿ. ಮುಂದೆ ಸೇರುತ್ತಿದ್ದಂತೆ ಹಿಂದಿನದು ಉದುರುತ್ತಾ ಹೋಗುತ್ತದೆ. ಮತ್ತೆ 4,000 ಮುಟ್ಟಲು ನವೆಂಬರ್ ಬಂತು. ಆ ಐದೂವರೆ ತಿಂಗಳ ಬಗ್ಗೆ ಹೇಳುವುದೇನಿಲ್ಲ. ರೊಟ್ಟಿ ಬಡಿದೆವು, ಹಾಕಿದೆವು. ಥಂಬ್‌ನೇಲ್‌ಗಳನ್ನು ಅಂದಿನಿಂದ ನಾನೇ ನೋಡಿ ಬಿಡುತ್ತೇನೆ.

ಅರ್ಜಿ ಹಾಕಿದ ಹತ್ತೊಂಬತ್ತನೆಯ ದಿನ ಒಪ್ಪಿಗೆ ಬಂತು. ಸಾಮಾನ್ಯವಾಗಿ ಒಂದು ತಿಂಗಳು ಎನ್ನುತ್ತಾರೆ. ಬೇರೆಯವರ ದೃಶ್ಯ ಕತ್ತರಿಸಿ ಅಂಟಿಸಿದ್ದರೆ ತಿರಸ್ಕರಿಸುತ್ತಾರೆ, ಮತ್ತೆ ಅರ್ಜಿ ಹಾಕಲು 30 ದಿನ ಕಾಯಬೇಕು. ಜಾಹೀರಾತಿನ ಆದಾಯದಲ್ಲಿ ಉದ್ದ ವಿಡಿಯೋಗಳಿಗೆ ನಮ್ಮ ಪಾಲು ನೂರಕ್ಕೆ 55.

ಇಲ್ಲಿಂದ ಮುಂದಿನದು ಆಡ್‌ಸೆನ್ಸ್ ಖಾತೆಯ ಕೆಲಸ. ಗೂಗಲ್ ಜಾಹೀರಾತಿನ ದುಡ್ಡು ಕೊಡುವುದು ಈ ಖಾತೆಯ ಮೂಲಕ. ಹದಿನೆಂಟು ತುಂಬಿದವರ ಹೆಸರಿನಲ್ಲೇ ಆಗಬೇಕು, ಮಕ್ಕಳ ಹೆಸರಿನಲ್ಲಿ ತೆರೆಯಲು ಹೋಗಬೇಡಿ. ಅಲ್ಲಿಯ ಹೆಸರು, ಗುರುತಿನ ಚೀಟಿಯ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇರಬೇಕು. ನನ್ನ ಪ್ಯಾನ್ ಕಾರ್ಡ್‌ನಲ್ಲಿ ತಂದೆಯ ಹೆಸರು, ತವರಿನ ಅಡ್ಡಹೆಸರು; ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ಗಂಡನ ಹೆಸರು. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ಇದೇ ಗತಿ. ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಿ. ಪ್ಯಾನ್ ತಿದ್ದುಪಡಿಗೆ ನಾನು ಕಟ್ಟಿದ ಶುಲ್ಕ 107 ರೂಪಾಯಿ, ಇಂಟರ್‌ನೆಟ್ ಅಂಗಡಿಯವನಿಗೆ 150. ಮದುವೆಯ ನಂತರದ ಹೆಸರಿಗೆ ನೋಂದಣಿ ಪತ್ರ ಇಲ್ಲದಿದ್ದರೆ ಲಗ್ನಪತ್ರಿಕೆಯೂ ನಡೆಯುತ್ತದೆ. 2008ರ ಲಗ್ನಪತ್ರಿಕೆಯನ್ನು ಅತ್ತೆಯೇ ಟ್ರಂಕಿನ ತಳದಿಂದ ತೆಗೆದುಕೊಟ್ಟರು. ನಾಲ್ಕು ಮೂಲೆಗೆ ಹಚ್ಚಿದ್ದ ಅರಿಶಿನ ಇನ್ನೂ ಹಾಗೆಯೇ ಇತ್ತು.

ಸ್ಕ್ಯಾನ್ ಮಾಡಿಸುವಾಗ ಸುಮ್ಮನೆ ಓದಿದೆ. ಸ್ವಾಗತ ಕೋರುವವರ ಪಟ್ಟಿಯಲ್ಲಿ ಇಪ್ಪತ್ತಾರು ಹೆಸರಿದ್ದವು, ಎಲ್ಲ ಗಂಡಸರು. ಒಬ್ಬರ ಹೆಸರು ಕೆಳಗಾಯಿತೆಂದು ಅವರು ಮದುವೆಗೇ ಬಂದಿರಲಿಲ್ಲ. ಈಗ ಚೌಕದಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ನಿಲ್ಲಿಸಿ ಮೂವತ್ತು ಮುಖ ಅಂಟಿಸುವ ಹುಡುಗರನ್ನು ನಾವು ಬೈಯುತ್ತೇವೆ. ಮೊಬೈಲ್ ಬಂದು ಜನ ಕೆಟ್ಟರು ಎನ್ನುವವರು ತಮ್ಮ ಮನೆಯ ಟ್ರಂಕ್ ಒಮ್ಮೆ ತೆರೆದು ನೋಡಬೇಕು. ಆ ಇಪ್ಪತ್ತಾರರಲ್ಲಿ ಅತ್ತೆಯ ಹೆಸರಿರಲಿಲ್ಲ. ವರನ ತಾಯಿ ಅವರು.

ಹೊಸ ಪ್ಯಾನ್ ಹದಿನೇಳು ದಿನಕ್ಕೆ ಬಂತು. ಆಮೇಲೆ ಅಮೆರಿಕದ ತೆರಿಗೆಯ ನಮೂನೆ, ಡಬ್ಲ್ಯು-8ಬೆನ್ ಎನ್ನುತ್ತಾರೆ. ಯಾದಗಿರಿಯ ರೊಟ್ಟಿಗೂ ಅಮೆರಿಕಕ್ಕೂ ಏನು ಸಂಬಂಧ ಎಂದು ಬಿಟ್ಟುಬಿಡಬೇಡಿ. ತುಂಬದಿದ್ದರೆ ಒಟ್ಟು ಗಳಿಕೆಯಿಂದಲೇ ಕಡಿತವಾಗಬಹುದು. ತುಂಬಿ, ಪ್ಯಾನ್ ಸಂಖ್ಯೆ ಕೊಟ್ಟು, ಭಾರತದೊಂದಿಗಿನ ತೆರಿಗೆ ಒಪ್ಪಂದದ ಕಲಮನ್ನು ಆರಿಸಿಕೊಂಡರೆ ಅಮೆರಿಕದಲ್ಲಿ ಕುಳಿತು ನೋಡಿದವರಿಂದ ಬಂದ ಪಾಲಿನ ಮೇಲೆ ಮಾತ್ರ ನೂರಕ್ಕೆ 15 ಹಿಡಿಯುತ್ತಾರೆ. ಮೊಬೈಲಿನಲ್ಲೇ ಕಾಲು ಗಂಟೆಯ ಕೆಲಸ.

ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಆರು ಅಂಕಿಯ ಪಿನ್ ಇರುವ ಕಾಗದವನ್ನು ಸಾಧಾರಣ ಅಂಚೆಯಲ್ಲಿ ಕಳುಹಿಸುತ್ತಾರೆ. ರಿಜಿಸ್ಟರ್ ಅಲ್ಲ, ಎಲ್ಲಿದೆ ಎಂದು ಹುಡುಕುವ ಸಂಖ್ಯೆಯೂ ಇಲ್ಲ. ಜನವರಿಯಲ್ಲಿ ಹೊರಟ ಮೊದಲ ಕಾಗದ ಬರಲೇ ಇಲ್ಲ. ತಪ್ಪು ನನ್ನದೇ. ಮನೆಯ ಸಂಖ್ಯೆ, ವಾರ್ಡು ಬರೆದು ಬಿಟ್ಟಿದ್ದೆ. ನಮ್ಮ ಓಣಿಯಲ್ಲಿ ಮನೆಯ ಸಂಖ್ಯೆ ಯಾರಿಗೆ ಗೊತ್ತು? ಮೂರು ವಾರ ಕಾದು, ವಿಳಾಸಕ್ಕೆ ‘ಹನುಮಾನ ಗುಡಿಯ ಹಿಂದೆ’ ಎಂದೂ ಗಂಡನ ಅಂಗಡಿಯ ಹೆಸರನ್ನೂ ಸೇರಿಸಿ ಎರಡನೆಯದಕ್ಕೆ ಕೋರಿದೆ. ಮಾರ್ಚ್ ಮೊದಲ ವಾರ ಅಂಚೆಯಣ್ಣ ಸೈಕಲ್ಲಿನ ಗಂಟೆ ಬಾರಿಸಿ, ‘ಇದು ರೊಟ್ಟಿಯ ಕಾಗದವೇ?’ ಎಂದ. ಹಿಂದಿನ ವಾರ ನಾನೇ ಹೋಗಿ ಹೇಳಿಬಂದಿದ್ದೆ, ನೀವೂ ಹೇಳಿಬನ್ನಿ. ಮೊದಲ ಪಿನ್ ಹೊರಟ ದಿನದಿಂದ ನಾಲ್ಕು ತಿಂಗಳೊಳಗೆ ನಮೂದಿಸದಿದ್ದರೆ ಜಾಹೀರಾತು ನಿಂತುಹೋಗುತ್ತದೆ.

ಕೊನೆಗೆ ಸ್ವಿಫ್ಟ್ ಕೋಡ್. ಹೊರದೇಶದಿಂದ ಹಣ ಬರಲು ಬೇಕಾದ ಎಂಟು ಅಥವಾ ಹನ್ನೊಂದು ಅಕ್ಷರ-ಅಂಕಿಗಳ ಗುರುತು ಅದು. ಚಿಕ್ಕ ಶಾಖೆಗಳಿಗೆ ಸ್ವಂತದ್ದು ಇರುವುದಿಲ್ಲ. ದೊಡ್ಡ ಶಾಖೆಯದನ್ನು ಕೊಡಬೇಕು. ನಾನು ವಾಡಿ ದಾಟಿ ಕಲಬುರಗಿಯವರೆಗೆ ರೈಲಿನಲ್ಲಿ ಹೋಗಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಯಾವ ಚಾನೆಲ್ ಎಂದು ಕೇಳಿ, ಅಲ್ಲೇ ತೆರೆದು, ರೊಟ್ಟಿ ಉಬ್ಬುವವರೆಗೂ ನೋಡಿದಳು. ನನ್ನ ಹಿಂದೆ ಹನ್ನೆರಡು ಮಂದಿ ಸಾಲಿನಲ್ಲಿದ್ದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಅವಳು ಸಬ್‌ಸ್ಕ್ರೈಬ್ ಒತ್ತಿದಳೇ ಎಂದು ಬಗ್ಗಿ ನೋಡಿದೆ.

ಹಣ ಬಿಡುಗಡೆಯಾಗುವುದು 100 ಡಾಲರ್ ದಾಟಿದ ಮೇಲೆ. ಒಂದು ತಿಂಗಳ ಗಳಿಕೆ ಮುಂದಿನ ತಿಂಗಳು ಲೆಕ್ಕಕ್ಕೆ ಬಂದು, 21ರಿಂದ 26ರೊಳಗೆ ಹೊರಡುತ್ತದೆ. ನನ್ನದು ಏಪ್ರಿಲ್ ಕೊನೆಗೆ 103 ಡಾಲರ್. ಬ್ಯಾಂಕಿನವರು ಹಣ ಯಾತಕ್ಕೆ ಬಂತೆಂದು ಒಂದು ನಮೂನೆ ಬರೆಸಿಕೊಂಡು, ತಮ್ಮ ಶುಲ್ಕ ಹಿಡಿದು, ಉಳಿದದ್ದನ್ನು ಜಮೆ ಮಾಡಿದರು. ಸಾಮಾನು, ಪ್ಯಾನ್, ರೈಲು, ಮೊಬೈಲ್ ರೀಚಾರ್ಜ್ ಎಲ್ಲ ಕೂಡಿಸಿದರೆ ನನ್ನ ಖರ್ಚು ಒಂಬತ್ತು ಸಾವಿರ ದಾಟಿದೆ. ಜೋಳ, ಗ್ಯಾಸು ಬೇರೆ.

ಎಂಟು ಸಾವಿರ ತೆಗೆದು ಅತ್ತೆಯ ಮುಂದಿಟ್ಟೆ. ಎರಡು ಸಲ ಎಣಿಸಿದರು. ಇಷ್ಟು ಯಾರು ಕೊಟ್ಟರು, ಏಕೆ ಕೊಟ್ಟರು ಎಂದು ಕೇಳಿದರು. ಜಾಹೀರಾತಿನವರು ಎಂದೆ. ‘ನಾನು ಏನನ್ನೂ ಮಾರಲಿಲ್ಲವಲ್ಲ’ ಎಂದರು. ಐನೂರರ ಒಂದು ನೋಟು ಮೊಮ್ಮಗನಿಗೆ ಕೊಟ್ಟು ಉಳಿದದ್ದನ್ನು ಸೆರಗಿಗೆ ಗಂಟು ಹಾಕಿಕೊಂಡರು.

ನಿನ್ನೆ ಹನ್ನೊಂದಕ್ಕೆ ಹಂಚು ಕಾದಿತ್ತು. ಮಗನಿಗೆ ರಜೆ, ಮೊಬೈಲ್ ನಿಲ್ಲಿಸುತ್ತಿದ್ದ. ಅತ್ತೆ ಒಳಗೆ ಹೋಗಿ ಹೊಸ ಹಸಿರು ಬಳೆ ತೊಟ್ಟು ಬಂದು ಕುಳಿತರು. ಬಳೆ ಜಾರಿ ಮುಂಗೈಯ ಕಲೆಯ ಮೇಲೆ ನಿಂತವು. ‘ಹೀಗೆ ಕಾಣುತ್ತದೆಯೇ?’ ಎಂದು ಕೇಳಿದರು. ಬಳೆಯೇ ಎಂದು ನಾನು ಕೇಳುವಷ್ಟರಲ್ಲಿ ಅವರು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಕಲೆ ಬೆಳಕಿಗೆ ಬೀಳುವಂತೆ ಕೈ ತಿರುಗಿಸಿ, ಹಿಟ್ಟಿನ ಉಂಡೆ ಎತ್ತಿಕೊಂಡರು.